ದೇವಾಲಯವೂ ಧ್ವನಿಯೂ: ಒಂದು ಚಾರಿತ್ರಿಕ ಅವಲೋಕನ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಅಸ್ತಿವಾರ ಹಾಕಿದ ಧರ್ಮಗುರುಗಳನ್ನೂ, ಧನಸಹಾಯವಿತ್ತ ದಾನಿಗಳನ್ನೂ, ಕಲ್ಲುಮಣ್ಣು ಹೊತ್ತ ಹಿರಿಯರನ್ನೂ ಕೃತಜ್ಞತೆಯಿಂದ ನೆನೆಯುವುದು ನಮ್ಮೆಲ್ಲರ ಕರ್ತವ್ಯ. ಈ ಸ್ಮರಣ ಸಂಚಿಕೆಯ ಇತರ ಪುಟಗಳು ಆ ಕರ್ತವ್ಯವನ್ನು ನೆರವೇರಿಸುತ್ತಿವೆ. ಆದುದರಿಂದ ನಾವು ಇಲ್ಲಿ ಬೇರೊಂದು ವಿಷಯವನ್ನು ಭಕ್ತಾದಿಗಳ ಮುಂದಿಡಬಯಸುತ್ತೇವೆ. ಅದು ಕಣ್ಣಿಗೆ ಕಾಣುವಂಥದಲ್ಲ, ಭಾವಚಿತ್ರಕ್ಕೆ ಸಿಕ್ಕುವಂಥದೂ ಅಲ್ಲ. ಆದರೂ ದೇವಾಲಯದೊಳಗೆ ಕಾಲಿಟ್ಟ ಪ್ರತಿಯೊಬ್ಬನ ಅನುಭವಕ್ಕೂ ಬರುವಂಥದು.

ದೇವಾಲಯದ ಅಂದಚೆಂದವನ್ನು ವರ್ಣಿಸುವವರು ಗೋಪುರವನ್ನೂ ಪೀಠವನ್ನೂ ಬಣ್ಣದ ಗಾಜಿನ ಕಿಟಕಿಗಳನ್ನೂ ವರ್ಣಿಸುತ್ತಾರೆ. ಅದರೊಳಗೆ ಧ್ವನಿಯು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕುರಿತು ಬರೆಯುವವರು ವಿರಳ. ದೇವಾಲಯವು ಚಿತ್ರಶಾಲೆಯಲ್ಲ, ಅದು ದೇವರ ವಾಕ್ಯವನ್ನು ಕೇಳುವ ಮನೆ. ಸಂತ ಪೌಲರು ರೋಮಾಪುರದವರಿಗೆ ಬರೆದ ಪತ್ರದಲ್ಲಿ ವಿಶ್ವಾಸದ ಹುಟ್ಟನ್ನು ಕಿವಿಗೆ ಸಂಬಂಧಿಸಿ ಹೇಳಿದ್ದಾರೆ. ಹೀಗಿರುವಾಗ, ಕೊನೆಯ ಸಾಲಿನಲ್ಲಿ ಕುಳಿತ ವೃದ್ಧ ತಾಯಿಯೊಬ್ಬರಿಗೆ ಅಂದಿನ ಶುಭಸಂದೇಶದ ಒಂದು ವಾಕ್ಯವೂ ತಿಳಿಯದೆ ಹೋದರೆ, ಅವರು ದೇವಾಲಯಕ್ಕೆ ಬಂದೂ ಬಾಗಿಲ ಹೊರಗೇ ಉಳಿದಂತಾಗಲಿಲ್ಲವೆ?

ದೇವಾಲಯದಲ್ಲಿ ಎರಡು ಬಗೆಯ ಧ್ವನಿಗಳು ಸದಾ ಕೂಡಿ ಬಾಳುತ್ತವೆ. ಒಂದು ಗಾನ, ಇನ್ನೊಂದು ಮಾತು. ಗಾನವು ಗೋಡೆಗಳಲ್ಲಿ ಅನುರಣಿಸಿ ತುಂಬಿ ನಿಲ್ಲಬೇಕೆನ್ನುತ್ತದೆ. ಮಾತು ಹೇಳಿದೊಡನೆ ಅಡಗಿ, ಮುಂದಿನ ಮಾತಿಗೆ ದಾರಿ ಬಿಡಬೇಕೆನ್ನುತ್ತದೆ. ಒಂದಕ್ಕೆ ಒಪ್ಪುವ ಗೋಡೆ ಇನ್ನೊಂದಕ್ಕೆ ಒಪ್ಪುವುದಿಲ್ಲ. ಈ ಎರಡರ ಸಮನ್ವಯಕ್ಕಾಗಿ ನಡೆದ ಪ್ರಯತ್ನವೇ ದೇವಾಲಯಗಳ ಧ್ವನಿವಿಜ್ಞಾನದ ಚರಿತ್ರೆ ಎಂದರೆ ತಪ್ಪಾಗದು.

ಧ್ವನಿಯ ಸ್ವಭಾವ

ಚರಿತ್ರೆಗೆ ತೊಡಗುವ ಮೊದಲು ಧ್ವನಿಯ ಸ್ವಭಾವವನ್ನು ನಾಲ್ಕು ಮಾತಿನಲ್ಲಿ ತಿಳಿಯೋಣ. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರು ವೇಗದಲ್ಲಿ ಚಲಿಸುತ್ತದೆ. ಎದುರಿಗೆ ಕಲ್ಲಿನ ಗೋಡೆ ಸಿಕ್ಕಿದರೆ ಚೆಂಡಿನಂತೆ ಹಿಂದಿರುಗುತ್ತದೆ. ಬಟ್ಟೆ, ಹತ್ತಿ, ನಾರಿನಂಥ ಮೃದುವಾದ ವಸ್ತು ಸಿಕ್ಕಿದರೆ ಅದರ ಬಹುಭಾಗ ಅಲ್ಲೇ ಇಂಗಿಹೋಗುತ್ತದೆ. ದೂರದ ಗೋಡೆಯಿಂದ ತಡವಾಗಿ ಹಿಂದಿರುಗಿ, ಮೂಲಧ್ವನಿಯಿಂದ ಬೇರೆಯಾಗಿ ಕೇಳಿಸುವುದು ಪ್ರತಿಧ್ವನಿ. ಹಲವು ಗೋಡೆಗಳಿಂದ ನೂರಾರು ಬಾರಿ ಪುಟಿದು, ಒಂದರೊಳಗೊಂದು ಬೆರೆತು, ಮೆಲ್ಲಮೆಲ್ಲನೆ ಕ್ಷೀಣಿಸುವುದು ಅನುರಣನ. ಗಂಟೆ ಬಾರಿಸಿದ ಮೇಲೂ ಅದರ ನಾದ ಉಳಿಯುವಂತೆ, ಮಾತು ನಿಂತ ಮೇಲೂ ಅದರ ಅನುರಣನ ಉಳಿಯುತ್ತದೆ. ಧ್ವನಿಯ ಶಕ್ತಿಯು ಹತ್ತು ಲಕ್ಷದ ಒಂದು ಪಾಲಿಗೆ ಇಳಿಯಲು ಹಿಡಿಯುವ ಸಮಯವೇ ಆ ಕಟ್ಟಡದ ಅನುರಣನ ಕಾಲ.

ಸಾಧಾರಣ ಮಾತಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಬಾಯಿಂದ ಹೊರಡುತ್ತವೆ. ಅನುರಣನ ಕಾಲವು ಐದು ಸೆಕೆಂಡುಗಳಷ್ಟಿದ್ದರೆ, ಈಗ ಆಡಿದ ಅಕ್ಷರದ ಮೇಲೆ ಹಿಂದಿನ ಇಪ್ಪತ್ತು ಅಕ್ಷರಗಳ ಛಾಯೆ ಕವಿದಿರುತ್ತದೆ. ಅದರಲ್ಲೂ ಸ್ವರಾಕ್ಷರಗಳು ಬಲವಾದವು, ವ್ಯಂಜನಗಳು ದುರ್ಬಲವಾದವು. ಪಾಪ, ತಾಪ, ಶಾಪ ಎಂಬ ಮೂರು ಪದಗಳನ್ನು ಬೇರ್ಪಡಿಸುವುದು ಮೊದಲಲ್ಲಿ ಬರುವ ಒಂದು ಸಣ್ಣ ವ್ಯಂಜನ ಮಾತ್ರ. ಹಿಂದಿನ ಪದದ 'ಆ'ಕಾರವು ಇನ್ನೂ ಗುಡುಗುತ್ತಿದ್ದರೆ ಆ ವ್ಯಂಜನ ಮುಳುಗಿಹೋಗುತ್ತದೆ. ಕೇಳುವವನಿಗೆ ಪಾಪವೂ ಶಾಪವೂ ಒಂದೇ ಆಗುತ್ತವೆ. ಗಟ್ಟಿಯಾಗಿ ಕೂಗಿದರೂ ಪ್ರಯೋಜನವಿಲ್ಲ, ಏಕೆಂದರೆ ಕೂಗಿದಷ್ಟೂ ಅನುರಣನವೂ ಗಟ್ಟಿಯಾಗುತ್ತದೆ. ನಿಧಾನವಾಗಿ, ಬಿಡಿಸಿ ಬಿಡಿಸಿ ಓದುವುದೊಂದೇ ಆಗ ಉಳಿಯುವ ದಾರಿ.

ಪ್ರಾಚೀನರ ಪ್ರಯತ್ನ

ಈ ಕಷ್ಟವನ್ನು ಪ್ರಾಚೀನರು ಅರಿಯದವರಲ್ಲ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸನು ತನ್ನ ವಾಸ್ತುಗ್ರಂಥದ ಐದನೆಯ ಭಾಗದಲ್ಲಿ ರಂಗಮಂದಿರಗಳ ಧ್ವನಿಯನ್ನು ಚರ್ಚಿಸಿದ್ದಾನೆ. ಕೊಳಕ್ಕೆ ಕಲ್ಲೆಸೆದಾಗ ಅಲೆಗಳು ವೃತ್ತಾಕಾರವಾಗಿ ಹರಡುವಂತೆ ಧ್ವನಿಯೂ ಹರಡುತ್ತದೆ. ಆದರೆ ನೀರಿನ ಅಲೆ ಅಗಲಕ್ಕೆ ಮಾತ್ರ ಹರಡಿದರೆ ಧ್ವನಿ ಎತ್ತರಕ್ಕೂ ಏರುತ್ತದೆ ಎಂದು ಅವನು ವಿವರಿಸಿದ. ಧ್ವನಿಗೆ ಅಡ್ಡಿಯಾಗುವ ಸ್ಥಳ, ಧ್ವನಿಯನ್ನು ಅಲೆದಾಡಿಸುವ ಸ್ಥಳ, ಮರಳಿಸುವ ಸ್ಥಳ, ಧ್ವನಿಗೆ ನೆರವಾಗುವ ಸ್ಥಳ ಎಂದು ನಾಲ್ಕು ಬಗೆಗಳನ್ನೂ ವಿಂಗಡಿಸಿದ. ರಂಗಮಂದಿರದ ಆಸನಗಳ ನಡುವೆ ಕಂಚಿನ ಪಾತ್ರೆಗಳನ್ನಿಟ್ಟರೆ ನಟರ ಧ್ವನಿಗೆ ಮೆರುಗು ಬರುವುದೆಂದೂ ಅವನು ಬರೆದಿದ್ದಾನೆ.

ಆ ಪಾತ್ರೆಗಳ ಕಥೆ ಸಾವಿರಾರು ವರ್ಷ ಮುಂದುವರಿಯಿತು. ಮಧ್ಯಯುಗದ ಯೂರೋಪಿನ ಅನೇಕ ದೇವಾಲಯಗಳ ಗೋಡೆಗಳಲ್ಲಿ, ಕಮಾನುಗಳಲ್ಲಿ, ಬಾಯಿ ಹೊರಗೆ ಕಾಣುವಂತೆ ಮಣ್ಣಿನ ಮಡಕೆಗಳನ್ನು ಹುದುಗಿಸಿರುವುದನ್ನು ಇಂದಿಗೂ ನೋಡಬಹುದು. ಮೆಟ್ಸ್ ನಗರದ ಸೆಲೆಸ್ತೀನ್ ಸನ್ಯಾಸಿಗಳ ಮಠದ ದಾಖಲೆಯಲ್ಲಿ 1432ರಲ್ಲಿ ನಡೆದ ಒಂದು ಸಂಗತಿ ಇದೆ. ಮಠದ ಮುಖ್ಯಸ್ಥರಾದ ಓದೊ ಎಂಬವರು ಬೇರೊಂದು ದೇವಾಲಯದಲ್ಲಿ ಮಡಕೆಗಳನ್ನು ನೋಡಿ ಬಂದು, ಗಾಯನ ಇನ್ನಷ್ಟು ಚೆನ್ನಾಗಿ ಕೇಳಿಸೀತೆಂದು ತಮ್ಮ ಗಾಯನಪೀಠದ ಗೋಡೆಗೂ ಅವನ್ನು ಕೂಡಿಸಿದರಂತೆ. ಅದೇ ದಾಖಲೆಯ ಅಂಚಿನಲ್ಲಿ ಯಾರೋ ಇದನ್ನು ನಗೆಪಾಟಲಿನ ಸಂಗತಿಯೆಂದು ಟಿಪ್ಪಣಿ ಬರೆದಿಟ್ಟಿದ್ದಾರೆ! ಇಂದಿನ ವಿಜ್ಞಾನದ ತೀರ್ಪು ಇಬ್ಬರಿಗೂ ಸ್ವಲ್ಪ ಸ್ವಲ್ಪ ಸಲ್ಲುತ್ತದೆ. ಅಂಥ ಮಡಕೆಯು ತನ್ನ ಗಾತ್ರಕ್ಕೆ ತಕ್ಕ ಒಂದು ಸ್ವರಕ್ಕೆ ಮಾತ್ರ ಸ್ಪಂದಿಸುತ್ತದೆ. ಕೆಲವೇ ಮಡಕೆಗಳಿಂದ ವಿಶಾಲವಾದ ದೇವಾಲಯದ ಧ್ವನಿ ಬದಲಾಗದು. ಹಾಗಿದ್ದೂ ಧ್ವನಿಗಾಗಿ ಗೋಡೆಯನ್ನೇ ಸಿದ್ಧಗೊಳಿಸಬೇಕೆಂಬ ಆಲೋಚನೆ ಮಾತ್ರ ಸರಿಯಾಗಿತ್ತು.

ವಾಸ್ತವವಾಗಿ ಮಧ್ಯಯುಗದ ಸನ್ಯಾಸಿಗಳು ಗೋಡೆಯನ್ನು ಬದಲಿಸುವುದಕ್ಕಿಂತ ಹೆಚ್ಚಾಗಿ ತಮ್ಮ ಕಂಠವನ್ನೇ ಗೋಡೆಗೆ ಒಗ್ಗಿಸಿಕೊಂಡರೆನ್ನಬಹುದು. ಗ್ರೆಗೋರಿಯನ್ ಗಾನವನ್ನು ಗಮನಿಸಿರಿ. ಅದರಲ್ಲಿ ಎಲ್ಲರೂ ಒಂದೇ ರಾಗಧಾರೆಯನ್ನು ಹಾಡುತ್ತಾರೆ. ಸ್ವರಗಳು ಬಹುಮಟ್ಟಿಗೆ ಹತ್ತಿರದ ಮೆಟ್ಟಿಲುಗಳಲ್ಲಿ ನಿಧಾನವಾಗಿ ಏರಿಳಿಯುತ್ತವೆ. ಕೀರ್ತನೆಯ ಬಹುಭಾಗವನ್ನು ಒಂದೇ ಸ್ವರದಲ್ಲಿ ನಿಂತು ಪಠಿಸುತ್ತಾರೆ. ಸಾಲಿನ ಮಧ್ಯದಲ್ಲಿ ಒಂದು ವಿರಾಮವಿರುತ್ತದೆ. ಆ ವಿರಾಮದಲ್ಲಿ ಕಲ್ಲು ತನ್ನ ಪಾಲಿನದನ್ನು ಹಾಡಿ ಮುಗಿಸುತ್ತದೆ. ಅನುರಣನವು ಇಲ್ಲಿ ಶತ್ರುವಲ್ಲ, ಗಾಯನ ವೃಂದದ ಇನ್ನೊಬ್ಬ ಸದಸ್ಯ. ಮಾತನ್ನು ನುಂಗುವ ಕಟ್ಟಡವು ಗಾನವನ್ನು ಹೊತ್ತು ಮೆರೆಸಿತು.

ಉಪದೇಶವೋ, ಗಾನವೋ?

ಹದಿಮೂರನೆಯ ಶತಮಾನದಲ್ಲಿ ಸಂತ ಫ್ರಾನ್ಸಿಸ್ ಮತ್ತು ಸಂತ ದೋಮಿನಿಕರ ಅನುಯಾಯಿಗಳು ನಗರಗಳಲ್ಲಿ ಜನಸಮೂಹಕ್ಕೆ ಪ್ರಬೋಧಿಸತೊಡಗಿದಾಗ ಸಮಸ್ಯೆ ಬೇರೆ ರೂಪ ತಾಳಿತು. ಈಗ ದೇವಾಲಯವು ಸನ್ಯಾಸಿಗಳ ಗಾಯನಕ್ಕಷ್ಟೇ ಅಲ್ಲ, ಸಾವಿರಾರು ಜನರಿಗೆ ಅವರದೇ ಭಾಷೆಯಲ್ಲಿ ಉಪದೇಶಿಸುವುದಕ್ಕೂ ಒದಗಬೇಕಾಯಿತು.

ಇದನ್ನು ಅತ್ಯಂತ ಸ್ಪಷ್ಟವಾಗಿ ಕಂಡವರು ವೆನಿಸ್ ನಗರದ ಫ್ರಾನ್ಸಿಸ್ಕನ್ ಸನ್ಯಾಸಿ ಫ್ರಾಂಚೆಸ್ಕೊ ಜಾರ್ಜಿ. ಅಲ್ಲಿನ ಸಾನ್ ಫ್ರಾಂಚೆಸ್ಕೊ ದೆಲ್ಲಾ ವೀನ್ಯಾ ದೇವಾಲಯವನ್ನು ವಾಸ್ತುಶಿಲ್ಪಿ ಸಾನ್ಸೊವಿನೊ ಕಟ್ಟುತ್ತಿದ್ದಾಗ, 1535ರಲ್ಲಿ ಜಾರ್ಜಿಯವರು ಒಂದು ಸಲಹಾಪತ್ರವನ್ನು ಬರೆದುಕೊಟ್ಟರು. ಗಾಯನಪೀಠಕ್ಕೂ ಪಕ್ಕದ ಗುಡಿಗಳಿಗೂ ಕಮಾನಿನ ಚಾವಣಿಯಿರಲಿ, ಏಕೆಂದರೆ ಗಾನವು ಕಮಾನಿನಲ್ಲಿ ಚೆನ್ನಾಗಿ ಅನುರಣಿಸುತ್ತದೆ. ಉಪದೇಶ ನಡೆಯುವ ಮಧ್ಯಾಂಗಣಕ್ಕೆ ಮಾತ್ರ ಚೌಕುಳಿಗಳುಳ್ಳ ಚಪ್ಪಟೆ ಚಾವಣಿಯಿರಲಿ, ಇಲ್ಲವಾದರೆ ಪ್ರಬೋಧಕನ ಧ್ವನಿ ಕಳೆದುಹೋಗುತ್ತದೆ ಎಂಬುದು ಅವರ ಸಲಹೆಯ ತಾತ್ಪರ್ಯ. ಒಂದೇ ಕಟ್ಟಡದಲ್ಲಿ ಗಾನಕ್ಕೊಂದು ಚಾವಣಿ, ಮಾತಿಗೊಂದು ಚಾವಣಿ! ಯಾವ ಅಳತೆಯ ಉಪಕರಣವೂ ಇಲ್ಲದ ಕಾಲದಲ್ಲಿ ಒಬ್ಬ ಧರ್ಮಗುರುವಿನ ಕಿವಿ ಗುರುತಿಸಿದ ಸತ್ಯವಿದು.

ತ್ರೆಂತ್ ಮಹಾಸಭೆಯು 1546ರಲ್ಲಿ ಪ್ರಬೋಧನೆಯನ್ನು ಮೇತ್ರಾಣಿಗಳ ಹಾಗೂ ಧರ್ಮಕೇಂದ್ರದ ಗುರುಗಳ ಮುಖ್ಯ ಕರ್ತವ್ಯವೆಂದು ಸಾರಿದ ಮೇಲೆ ಈ ಪ್ರಶ್ನೆಗೆ ಇನ್ನೂ ತೂಕ ಬಂತು. 1568ರಲ್ಲಿ ರೋಮಿನ ಜೆಸು ದೇವಾಲಯದ ನಿರ್ಮಾಣ ಆರಂಭವಾದಾಗ ಇದೇ ವಾದ ಮತ್ತೆ ತಲೆಯೆತ್ತಿತು. ಕಮಾನಿನ ಚಾವಣಿಯಿಂದ ಪ್ರತಿಧ್ವನಿಯೆದ್ದು ಪ್ರಬೋಧನೆ ತಿಳಿಯದೆ ಹೋದೀತೆಂಬುದು ಯೇಸುಸಭೆಯ ಗುರುಗಳ ಆತಂಕ. ನಿರ್ಮಾಣದ ವೆಚ್ಚ ಹೊತ್ತಿದ್ದ ಕಾರ್ಡಿನಲ್ ಅಲೆಸ್ಸಾಂದ್ರೊ ಫರ್ನೇಸೆಯವರು ಆ ಆತಂಕವನ್ನು ಬಲ್ಲವರಾಗಿಯೂ, ಕಮಾನಿನ ಚಾವಣಿಯೇ ಆಗಬೇಕೆಂದು ವಾಸ್ತುಶಿಲ್ಪಿ ವಿನ್ಯೋಲನಿಗೆ ಪತ್ರ ಬರೆದರು. ಹಣ ಕೊಟ್ಟವರ ಮಾತೇ ನಡೆಯಿತು. ಇದು ಆ ಕಾಲಕ್ಕೆ ಮಾತ್ರ ಸೀಮಿತವಾದ ಪದ್ಧತಿಯೇನಲ್ಲ! ಆದರೂ ಅದೇ ಪತ್ರದಂತೆ, ಸಾಲುಗಂಬಗಳ ಅಡ್ಡಿಯಿಲ್ಲದ ಒಂದೇ ವಿಶಾಲ ಅಂಗಣವಿರಬೇಕೆಂಬುದು ನಿಶ್ಚಯವಾಯಿತು. ಇದರಿಂದ ಜನರು ಪ್ರಬೋಧಕನಿಗೆ ಹತ್ತಿರವಾದರು. ಕಂಬದ ಮರೆ ತಪ್ಪಿತು. ಉಪದೇಶಪೀಠವನ್ನು ಅಂಗಣದ ನಡುಭಾಗಕ್ಕೆ ತಂದು, ಅದರ ತಲೆಯ ಮೇಲೆ ಮರದ ಛತ್ರವನ್ನು ಕೂಡಿಸುವ ಪದ್ಧತಿಯೂ ಎಲ್ಲೆಡೆ ಹರಡಿತು. ಆ ಛತ್ರವನ್ನು ಬರಿಯ ಅಲಂಕಾರವೆಂದು ತಿಳಿದವರುಂಟು. ಮೇಲಕ್ಕೆ ಹೋಗಿ ವ್ಯರ್ಥವಾಗುವ ಧ್ವನಿಯನ್ನು ತಡೆದು, ಕ್ಷಣಾರ್ಧದಲ್ಲಿ ಜನರ ಕಡೆಗೆ ತಿರುಗಿಸುವುದೇ ಅದರ ಕೆಲಸ. ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನೊಳಗೆ ಮರಳಿದ ಧ್ವನಿಯನ್ನು ಕಿವಿಯು ಮೂಲಧ್ವನಿಯೊಡನೆ ಕೂಡಿಸಿಕೊಂಡು ಬಲವಾಗಿ ಕೇಳುತ್ತದೆ; ಅದಕ್ಕಿಂತ ಬಹಳ ತಡವಾಗಿ ಬಂದದ್ದೇ ತೊಡಕಾಗುತ್ತದೆ.

ಗಾನಪ್ರಿಯವಾದ ವೆನಿಸಿನಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. 1527ರಲ್ಲಿ ಸಂತ ಮಾರ್ಕರ ದೇವಾಲಯದ ಗಾಯನಾಚಾರ್ಯರಾದ ಅಡ್ರಿಯಾನ್ ವಿಲ್ಲಾರ್ಟ್ ಮತ್ತು ಆ ಶತಮಾನದ ಕೊನೆಗೆ ಜೊವಾನ್ನಿ ಗಾಬ್ರಿಯೇಲಿ, ಗಾಯಕರನ್ನು ಬೇರೆ ಬೇರೆ ವೃಂದಗಳಾಗಿ ವಿಂಗಡಿಸಿ ಒಂದಕ್ಕೊಂದು ಉತ್ತರ ಕೊಡುವಂತೆ ಹಾಡಿಸಿದರು. 2007ರಲ್ಲಿ ಕೇಂಬ್ರಿಜಿನ ವಿದ್ವಾಂಸರು ಸೇಂಟ್ ಜಾನ್ಸ್ ಕಾಲೇಜಿನ ಗಾಯನ ವೃಂದವನ್ನು ವೆನಿಸಿಗೆ ಕರೆದೊಯ್ದು, ಆ ಕಾಲದ ಸಂಗೀತವನ್ನು ಆ ಕಾಲದ ದೇವಾಲಯಗಳಲ್ಲೇ ಹಾಡಿಸಿ ಪರೀಕ್ಷಿಸಿದರು. ಬರಿದಾದ ದೊಡ್ಡ ದೇವಾಲಯಗಳಲ್ಲಿ ಜಟಿಲವಾದ ಗಾಯನವು ಕಲಸಿಹೋಗುತ್ತಿತ್ತು. ಆದರೆ ಹಬ್ಬದ ದಿನಗಳಲ್ಲಿ ಗೋಡೆಗಳಿಗೆ ಚಿತ್ರಪಟದ ದಪ್ಪ ಬಟ್ಟೆಗಳನ್ನು ತೂಗುಬಿಡುತ್ತಿದ್ದರು, ಜನ ಕಿಕ್ಕಿರಿದು ತುಂಬುತ್ತಿದ್ದರು; ಆಗ ಅದೇ ಕಟ್ಟಡದ ಅನುರಣನ ಎಷ್ಟೋ ತಗ್ಗುತ್ತಿತ್ತೆಂದು ಗಣಿತದಿಂದ ತಿಳಿದುಬಂದಿದೆ. ಹಬ್ಬದ ಅಲಂಕಾರ ಕಣ್ಣಿಗೆ ಮಾತ್ರವಲ್ಲ, ಕಿವಿಗೂ ಆಗಿತ್ತು.

ಗುಮ್ಮಟದ ಪಾಠ

ಕಮಾನು, ಗುಮ್ಮಟಗಳು ಧ್ವನಿಯನ್ನು ಹೇಗೆ ಆಡಿಸುತ್ತವೆ ಎಂಬುದನ್ನು ಅರಿಯಲು ಕನ್ನಡಿಗರಾದ ನಾವು ದೂರ ಹೋಗಬೇಕಾಗಿಲ್ಲ. ವಿಜಾಪುರದ ಗೋಲಗುಮ್ಮಟ ನಮ್ಮ ನಾಡಿನಲ್ಲೇ ಇದೆ. ಹದಿನೇಳನೆಯ ಶತಮಾನದ ಮುಹಮ್ಮದ್ ಆದಿಲ್ ಶಾಹನ ಆ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಮೇಲಿನ ಪಡಸಾಲೆಯ ಒಂದು ಕಡೆ ಪಿಸುಗುಟ್ಟಿದರೆ ಎದುರುಗಡೆ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಒಂದು ಚಪ್ಪಾಳೆ ಹಲವು ಬಾರಿ ಮರಳುತ್ತದೆ. ಲಂಡನಿನ ಸಂತ ಪೌಲರ ಮಹಾದೇವಾಲಯದ ಗುಮ್ಮಟದಲ್ಲೂ ಇಂಥದೇ ಪಡಸಾಲೆಯಿದೆ. ಧ್ವನಿಯು ಬಾಗಿದ ಗೋಡೆಯ ಮೈಗೆ ಅಂಟಿಕೊಂಡಂತೆ ಸುತ್ತಿ ಬರುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ರೇಲಿ ಇದನ್ನು ವಿವರಿಸಿದ್ದರು. 1921ರಲ್ಲಿ ಲಂಡನಿಗೆ ಹೋಗಿದ್ದ ನಮ್ಮ ಸಿ. ವಿ. ರಾಮನ್ ಅವರು ಅಲ್ಲಿಯೇ ಪ್ರಯೋಗ ನಡೆಸಿ ಆ ವಿವರಣೆಗೆ ಇನ್ನಷ್ಟು ಸೂಕ್ಷ್ಮಗಳನ್ನು ಸೇರಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ ಗೋಲಗುಮ್ಮಟವೂ ಸೇರಿದಂತೆ ಭಾರತದ ಇಂಥ ಕಟ್ಟಡಗಳನ್ನು ಕುರಿತು 1922ರಲ್ಲಿ ಬರೆದರು.

ಇದು ನೋಡಲು ವಿನೋದ. ಆದರೆ ದೇವಾಲಯ ಕಟ್ಟುವವರಿಗೆ ಎಚ್ಚರಿಕೆ. ಒಳಬಾಗಿದ ಮೈ ಕನ್ನಡಿಯು ಬಿಸಿಲನ್ನು ಒಂದೆಡೆ ಕೂಡಿಸುವಂತೆ ಧ್ವನಿಯನ್ನೂ ಒಂದೆಡೆ ಕೂಡಿಸುತ್ತದೆ. ಆ ಒಂದೆಡೆಯು ಜನರು ಕುಳಿತ ಎತ್ತರಕ್ಕೆ ಬಂದರೆ, ಒಂದು ಬೆಂಚಿನವರಿಗೆ ಕಿವಿಗಡಚಿಕ್ಕುತ್ತದೆ, ಪಕ್ಕದ ಬೆಂಚಿನವರಿಗೆ ಏನೂ ತಿಳಿಯುವುದಿಲ್ಲ. ಗುಮ್ಮಟ ಬೇಕೆಂದರೆ ಅದರ ಒಳಮೈಯನ್ನು ಚೌಕುಳಿ, ಪಟ್ಟಿ, ಕೆತ್ತನೆಗಳಿಂದ ಒಡೆದು ಧ್ವನಿಯನ್ನು ಚದುರಿಸಬೇಕು. ಹಳೆಯ ದೇವಾಲಯಗಳ ಕೆತ್ತನೆ, ಗೂಡು, ಪ್ರತಿಮೆಗಳು ಅರಿತೋ ಅರಿಯದೆಯೋ ಈ ಉಪಕಾರವನ್ನೇ ಮಾಡುತ್ತ ಬಂದಿವೆ.

ಇರುಳಿನ ಪ್ರಯೋಗಗಳು

ಇಷ್ಟೆಲ್ಲ ಅನುಭವವಿದ್ದೂ, ಕಟ್ಟುವ ಮೊದಲೇ ಕಟ್ಟಡದ ಧ್ವನಿಯನ್ನು ಲೆಕ್ಕ ಹಾಕುವ ವಿದ್ಯೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1895ರಲ್ಲಿ ಹೊಸದಾದ ಫಾಗ್ ಕಲಾಭವನದ ಉಪನ್ಯಾಸ ಮಂದಿರ ತೆರೆದಾಗ, ಅಲ್ಲಿ ಉಪನ್ಯಾಸಕರ ಒಂದು ಮಾತೂ ತಿಳಿಯದಾಯಿತು. ಒಮ್ಮೆ ಆಡಿದ ಮಾತು ಐದೂವರೆ ಸೆಕೆಂಡುಗಳ ಕಾಲ ಕೇಳುತ್ತಲೇ ಇತ್ತು. ಅದನ್ನು ಸರಿಪಡಿಸುವ ಹೊಣೆಯನ್ನು ಭೌತವಿಜ್ಞಾನದ ತರುಣ ಅಧ್ಯಾಪಕ ವ್ಯಾಲೇಸ್ ಕ್ಲೆಮೆಂಟ್ ಸೇಬಿನ್‌ಗೆ ವಹಿಸಲಾಯಿತು. ಅವನಿಗಾಗ ಇಪ್ಪತ್ತೇಳು ವರ್ಷ.

ಸೇಬಿನ್ನನ ಉಪಕರಣಗಳು ಮೂರೇ: ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಒಂದು ಯಂತ್ರ, ಮತ್ತು ತನ್ನ ಕಿವಿ. ಹಗಲಿನ ಗದ್ದಲದಲ್ಲಿ ಕೆಲಸ ಸಾಗದೆಂದು ಅವನು ನಡುರಾತ್ರಿಯ ನಂತರ ಪ್ರಯೋಗ ನಡೆಸಿದ. ಸಮೀಪದ ಸ್ಯಾಂಡರ್ಸ್ ನಾಟಕಶಾಲೆಯ ಮೆತ್ತೆಗಳನ್ನು ಸಹಾಯಕರೊಡನೆ ಹೊತ್ತು ತಂದು ಹಾಸಿ, ನಾದ ಅಡಗುವ ಸಮಯವನ್ನು ಅಳೆದು, ಬೆಳಗಾಗುವುದರೊಳಗೆ ಅವನ್ನೆಲ್ಲ ಅವುಗಳ ಜಾಗಕ್ಕೆ ಮರಳಿಸುತ್ತಿದ್ದ. ತಾನು ತೊಟ್ಟ ಬಟ್ಟೆಯೂ ಧ್ವನಿಯನ್ನು ಹೀರುತ್ತದೆಂದು ಕಂಡುಕೊಂಡು, ಪ್ರತಿ ಪ್ರಯೋಗಕ್ಕೂ ಒಂದೇ ಬಗೆಯ ಉಡುಪನ್ನು ತೊಡುತ್ತಿದ್ದನಂತೆ. ಹೀಗೆ ಮೂರು ವರ್ಷ ದುಡಿದ ಮೇಲೆ 1898ರಲ್ಲಿ ಅವನಿಗೆ ಸೂತ್ರ ಹೊಳೆಯಿತು. ಕಟ್ಟಡದ ಘನ ಅಳತೆಯನ್ನು ಅದರ ಒಟ್ಟು ಹೀರಿಕೆಯಿಂದ ಭಾಗಿಸಿ 0.161ರಿಂದ ಗುಣಿಸಿದರೆ ಅನುರಣನ ಕಾಲವು ಸೆಕೆಂಡುಗಳಲ್ಲಿ ದೊರೆಯುತ್ತದೆ. ಹೀರಿಕೆಗೆ ಅವನು ಆರಿಸಿಕೊಂಡ ಮೂಲಮಾನ ತೆರೆದ ಕಿಟಕಿ; ಏಕೆಂದರೆ ತೆರೆದ ಕಿಟಕಿಗೆ ಬಿದ್ದ ಧ್ವನಿ ಒಂದಿಷ್ಟೂ ಮರಳುವುದಿಲ್ಲ. ಈ ಸೂತ್ರವನ್ನು ಆಧರಿಸಿ ಕಟ್ಟಿದ ಬಾಸ್ಟನ್ ಸಿಂಫನಿ ಸಭಾಂಗಣವು 1900ರ ಅಕ್ಟೋಬರ್ 15ರಂದು ಉದ್ಘಾಟನೆಗೊಂಡು, ಜಗತ್ತಿನ ಶ್ರೇಷ್ಠ ಸಂಗೀತ ಮಂದಿರಗಳಲ್ಲಿ ಒಂದೆಂದು ಇಂದಿಗೂ ಹೆಸರಾಗಿದೆ.

ಸೂತ್ರವೆಂದರೆ ಅಂಜಬೇಕಾಗಿಲ್ಲ. 30 ಮೀಟರು ಉದ್ದ, 12 ಮೀಟರು ಅಗಲ, 10 ಮೀಟರು ಎತ್ತರದ ಒಂದು ದೇವಾಲಯವನ್ನು ಊಹಿಸಿಕೊಳ್ಳೋಣ. ಅದರ ಘನ ಅಳತೆ 3600 ಘನ ಮೀಟರು. ಗೋಡೆ, ನೆಲ, ಚಾವಣಿ ಸೇರಿ 1560 ಚದರ ಮೀಟರು. ಗಾರೆಯೂ ಕಲ್ಲೂ ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಮೂರು ಪಾಲು ಹೀರುತ್ತವೆ ಎಂದಿಟ್ಟುಕೊಂಡರೆ, ಅದು ಸುಮಾರು 47 ಚದರ ಮೀಟರು ತೆರೆದ ಕಿಟಕಿಗೆ ಸಮ. ನಿಜವಾಗಿ ತೆರೆದಿರುವ ಬಾಗಿಲು ಕಿಟಕಿಗಳು 30 ಚದರ ಮೀಟರು. ಒಟ್ಟು 77. ಬರಿದಾದ ದೇವಾಲಯದ ಅನುರಣನ ಕಾಲ ಏಳೂವರೆ ಸೆಕೆಂಡು! ಬಟ್ಟೆಯುಟ್ಟ ಒಬ್ಬ ಮನುಷ್ಯನ ಹೀರಿಕೆ ಹೆಚ್ಚುಕಡಿಮೆ ಅರ್ಧ ಚದರ ಮೀಟರು; 0.45 ಎಂದು ಹಿಡಿಯೋಣ. ವಾರದ ದಿನದ ಪೂಜೆಗೆ ನೂರು ಜನ ಬಂದರೆ ಅನುರಣನ ಕಾಲ 4.8 ಸೆಕೆಂಡಿಗೆ ಇಳಿಯುತ್ತದೆ. ಭಾನುವಾರ ನಾನೂರು ಜನ ತುಂಬಿದರೆ 2.3 ಸೆಕೆಂಡಿಗೆ. ಭಾನುವಾರ ಸ್ಪಷ್ಟವಾಗಿ ಕೇಳುವ ಓದುವಿಕೆ ಸೋಮವಾರ ಏಕೆ ಕಲಸಿಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ದೇವಾಲಯದ ಧ್ವನಿಯನ್ನು ತಿದ್ದುವ ಅತ್ಯುತ್ತಮ ಸಾಮಗ್ರಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ಸಭೆ ಸೇರಿದ ಭಕ್ತಜನರೇ ಆಗಿದ್ದಾರೆ.

ಹೀರುವ ಹೆಂಚು, ಮುಚ್ಚಿದ ರಂಧ್ರ

ಸೇಬಿನ್ನನ ವಿದ್ಯೆ ದೇವಾಲಯಗಳಿಗೂ ಬಂತು. ಹೆಂಚಿನ ಕಮಾನುಗಳ ನಿರ್ಮಾಣಕ್ಕೆ ಹೆಸರಾದ ಗ್ವಾಸ್ತವೀನೊ ಸಂಸ್ಥೆಯೊಡನೆ ಸೇರಿ ಅವನು ಸೂಕ್ಷ್ಮ ರಂಧ್ರಗಳುಳ್ಳ, ಧ್ವನಿಯನ್ನು ಹೀರುವ ಹೆಂಚನ್ನು ರೂಪಿಸಿದ. 1913ರಲ್ಲಿ ನ್ಯೂಯಾರ್ಕಿನಲ್ಲಿ ಸಿದ್ಧವಾದ, ಆಂಗ್ಲಿಕನ್ ಪರಂಪರೆಯ ಸೇಂಟ್ ಥಾಮಸ್ ದೇವಾಲಯದಲ್ಲಿ ಅದನ್ನು ಬಳಸಲಾಯಿತು. ನೋಡಲು ಕಲ್ಲಿನ ಗಾಥಿಕ್ ದೇವಾಲಯ, ಕೇಳಲು ಮಾತಿನ ಮಂದಿರ. ಪ್ರಬೋಧಕರು ಸಂತೋಷಪಟ್ಟರು, ಅಮೆರಿಕದ ಹಲವು ದೇವಾಲಯಗಳು ಇಂಥ ಹೆಂಚುಗಳನ್ನು ಹೊದೆದವು.

ಆದರೆ ಗಾನವು ತನ್ನ ಪಾಲನ್ನು ಮತ್ತೆ ಕೇಳದೆ ಬಿಡಲಿಲ್ಲ. ಆರ್ಗನ್ ವಾದ್ಯವೂ ಗಾಯನ ವೃಂದವೂ ಅಲ್ಲಿ ಜೀವ ಕಳೆದುಕೊಂಡಂತೆ ಕೇಳಿಸಿದವು. ಸಭಿಕರಿಗೆ ತಮ್ಮ ಪಕ್ಕದವರ ಹಾಡೂ ಕೇಳದೆ, ತಾವೊಬ್ಬರೇ ಹಾಡುತ್ತಿದ್ದೇವೇನೋ ಎಂದು ಸಂಕೋಚವಾಗತೊಡಗಿತು. ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾನಿಲಯದ ದೇವಾಲಯದಲ್ಲಿ 1970ರ ದಶಕದಲ್ಲಿ ಹೊಸ ಆರ್ಗನ್ ಸ್ಥಾಪಿಸುವ ಸಂದರ್ಭದಲ್ಲಿ, ಚಾವಣಿಯ ಹೆಂಚುಗಳ ರಂಧ್ರಗಳನ್ನೆಲ್ಲ ಲೇಪನದಿಂದ ಮುಚ್ಚಿಸಿದರು. ತಂದೆಯ ಕಾಲದವರು ಹಣ ತೆತ್ತು ತೆರೆಸಿದ ರಂಧ್ರಗಳನ್ನು ಮಕ್ಕಳ ಕಾಲದವರು ಹಣ ತೆತ್ತು ಮುಚ್ಚಿಸಿದರು. ಗಾನ ಮತ್ತು ಮಾತುಗಳಲ್ಲಿ ಒಂದನ್ನು ಪೂರ್ಣವಾಗಿ ಗೆಲ್ಲಿಸಿದರೆ ಇನ್ನೊಂದು ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಧ್ವನಿವರ್ಧಕದ ಕಾಲ

ಧ್ವನಿವರ್ಧಕ ಬಂದಾಗ ಕಷ್ಟವೆಲ್ಲ ತೀರಿತೆಂದು ಜನ ಭಾವಿಸಿದರು. ಆದರೆ ಮೊದಲೇ ಹೇಳಿದಂತೆ, ಮಾತು ಗಟ್ಟಿಯಾದರೆ ಅನುರಣನವೂ ಗಟ್ಟಿಯಾಗುತ್ತದೆ. ಲಂಡನಿನ ಸಂತ ಪೌಲರ ಮಹಾದೇವಾಲಯದ ಅನುರಣನ ಕಾಲ, ಜನರಿಲ್ಲದಾಗ, ಹತ್ತು ಸೆಕೆಂಡುಗಳಿಗೂ ಮಿಗಿಲು. 1950ರ ದಶಕದ ಆರಂಭದಲ್ಲಿ ಪಾರ್ಕಿನ್ ಮತ್ತು ಟೇಲರ್ ಎಂಬ ತಜ್ಞರು ಅಲ್ಲಿ ಎರಡು ಉಪಾಯಗಳನ್ನು ಹೂಡಿದರು. ಮೊದಲನೆಯದಾಗಿ, ಧ್ವನಿವರ್ಧಕಗಳನ್ನು ಒಂದರ ಮೇಲೊಂದು ಎತ್ತರದ ಕಂಬದಂತೆ ಜೋಡಿಸಿದರು. ಅಂಥ ಕಂಬವು ಧ್ವನಿಯನ್ನು ಚಾವಣಿಗೆ ಎರಚದೆ, ತೆಳುವಾದ ಪದರದಂತೆ ಜನರ ಮೇಲೆಯೇ ಹಾಸುತ್ತದೆ. ಧ್ವನಿ ಹೀರುವ ಜನರ ಮೇಲೆ ಬಿದ್ದ ಧ್ವನಿ ಮತ್ತೆ ಏಳುವುದಿಲ್ಲ. ಎರಡನೆಯದಾಗಿ, ಹಿಂದಿನ ಧ್ವನಿವರ್ಧಕಗಳು ಕ್ಷಣಮಾತ್ರ ತಡೆದು ನುಡಿಯುವಂತೆ ಏರ್ಪಡಿಸಿದರು. ತಂತಿಯಲ್ಲಿ ಹರಿಯುವ ಸಂಕೇತವು ತತ್‌ಕ್ಷಣ ತಲುಪುತ್ತದೆ. ಆದರೆ ಗಾಳಿಯಲ್ಲಿ ಬರುವ ಮಾತಿಗೆ 35 ಮೀಟರು ದಾಟಲು ಸೆಕೆಂಡಿನ ಹತ್ತನೆಯ ಒಂದು ಪಾಲು ಬೇಕು. ಎರಡನ್ನೂ ಹೊಂದಿಸದಿದ್ದರೆ ಹಿಂದೆ ಕುಳಿತವರಿಗೆ ಒಬ್ಬ ಗುರುವಿನ ಬದಲು ಇಬ್ಬರು ಗುರುಗಳು ಮಾತಾಡಿದಂತೆ ಕೇಳುತ್ತದೆ. ಅಂದು ತಿರುಗುವ ಕಾಂತೀಯ ತಟ್ಟೆಯಿಂದ ಸಾಧಿಸಿದ ಈ ವಿಳಂಬವನ್ನು ಇಂದು ಅಂಗೈಯಗಲದ ವಿದ್ಯುನ್ಮಾನ ಉಪಕರಣವೇ ಒದಗಿಸುತ್ತದೆ.

ನಮ್ಮ ನಾಡಿನ ದೇವಾಲಯಗಳು

1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಸಂವಿಧಾನವನ್ನು ಪ್ರಕಟಿಸಿತು. ಲತೀನಿನ ಜೊತೆಗೆ ಜನಭಾಷೆಗಳಿಗೂ ಪೂಜೆಯಲ್ಲಿ ಸ್ಥಾನ ದೊರಕಿತು. ನಮ್ಮಲ್ಲಿ ಕನ್ನಡ ಪೀಠವೇರಿತು. ಈ ಬದಲಾವಣೆಯ ಧ್ವನಿಪರಿಣಾಮವನ್ನು ಅಂದು ಗಮನಿಸಿದವರು ಕಡಮೆ. ಹಿಂದೆ ಗುರುಗಳು ಪೂಜೆಯ ಮುಖ್ಯ ಪ್ರಾರ್ಥನೆಯನ್ನು ಮೆಲುದನಿಯಲ್ಲಿ ಸಲ್ಲಿಸುತ್ತಿದ್ದರು. ಜನರು ಜಪಮಾಲೆ ಹಿಡಿದೋ ಪುಸ್ತಕ ನೋಡಿಯೋ ಭಾಗವಹಿಸುತ್ತಿದ್ದರು. ಗಾಯನಕ್ಕೆ ಅನುರಣನ ಹಿತವಾಗಿತ್ತು. ಈಗ ವಾಚನ, ಪ್ರಬೋಧನೆ, ವಿಶ್ವಾಸಿಗಳ ಬಿನ್ನಹ, ಸ್ತುತಿಪ್ರಾರ್ಥನೆ ಎಲ್ಲವೂ ಅರ್ಥವಾಗಬೇಕಾದ ಮಾತುಗಳಾದವು. ಸಂಗೀತಕ್ಕೆಂದು ಬೆಳೆದ ಕಟ್ಟಡದ ಮೇಲೆ ಮಾತಿನ ಭಾರ ಬಿತ್ತು. ತರುವಾಯ ಪ್ರಕಟವಾದ ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳು ಭಕ್ತರು ಪೂಜೆಯನ್ನು ನೋಡುವಂತೆ ಮಾತ್ರವಲ್ಲ, ಸುಲಭವಾಗಿ ಕೇಳುವಂತೆಯೂ ಏರ್ಪಾಡಿರಬೇಕೆಂದು ವಿಧಿಸಿವೆ.

ನಮ್ಮ ಹಳೆಯ ಹೆಂಚಿನ ಮಾಡಿನ ದೇವಾಲಯಗಳು ಈ ಪರೀಕ್ಷೆಯನ್ನು ತಕ್ಕಮಟ್ಟಿಗೆ ಗೆಲ್ಲುವಂಥವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಎಲ್ಲೆಡೆ ಹಬ್ಬಿತು. ಹೆಂಚುಗಳ ನಡುವಿನ ಸಂದುಗಳಲ್ಲಿ ಸ್ವಲ್ಪ ಧ್ವನಿ ಹೊರಗೆ ಹೋಗುತ್ತದೆ. ತೆಳು ಹಲಗೆಯ ಒಳಚಾವಣಿ ತಗ್ಗುಸ್ವರಗಳನ್ನು ಹೀರುತ್ತದೆ. ಪಕಾಸು, ತೊಲೆ, ಅಡ್ಡಪಟ್ಟಿಗಳು ಧ್ವನಿಯನ್ನು ಚದುರಿಸುತ್ತವೆ. ಇಳಿಜಾರು ಮಾಡು ಎದುರುಬದುರು ನಿಂತ ಗೋಡೆಗಳಂತೆ ಪ್ರತಿಧ್ವನಿಯನ್ನು ಕಟ್ಟುವುದಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಆ ಮಾಡನ್ನು ಕಳಚಿ ಕಾಂಕ್ರೀಟಿನ ತಾರಸಿ ಹಾಕಿ, ಕೆಂಪು ನೆಲವನ್ನು ನಯವಾದ ಗ್ರಾನೈಟಿಗೆ ಬದಲಿಸಿ, ಗೋಡೆಗೂ ಎದೆಯೆತ್ತರ ಹೊಳೆಯುವ ಹಾಸುಬಿಲ್ಲೆ ಅಂಟಿಸಿದರೆ, ದೇವಾಲಯ ಕಣ್ಣಿಗೆ ಹೊಸದಾಗುತ್ತದೆ. ಕಿವಿಗೆ ಮಾತ್ರ ದೊಡ್ಡ ಬಾವಿಯಾಗುತ್ತದೆ. ಆಮೇಲೆ ಧ್ವನಿವರ್ಧಕಗಳ ಮೇಲೆ ಧ್ವನಿವರ್ಧಕ ತಂದರೂ ನೀಗದ ಕಷ್ಟವದು. ಕಟ್ಟಡ ಸಮಿತಿಯವರು ಬಣ್ಣದ ಮಾದರಿಯನ್ನು ನೋಡುವ ಮೊದಲು ಒಂದು ಸಂಜೆ ಬರಿದಾದ ದೇವಾಲಯದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಅದು ಎಷ್ಟು ಹೊತ್ತಿಗೆ ಅಡಗುತ್ತದೆಂದು ಎಣಿಸಿದರೆ ಎಷ್ಟೋ ಲಕ್ಷಗಳು ಉಳಿದಾವು. ಬದಲಾಯಿಸಲೇಬೇಕಾದಲ್ಲಿ, ಪೀಠದ ಸುತ್ತ ಗಟ್ಟಿಯಾದ ಮೈಯನ್ನು ಉಳಿಸಿ, ಹಿಂದಿನ ಗೋಡೆಗೂ ಗಾಯನಮಾಳಿಗೆಯ ಕೆಳಭಾಗಕ್ಕೂ ಹೀರುವ ಹೊದಿಕೆ ಕೊಡುವುದು ಜಾರ್ಜಿಯವರ ಹಳೆಯ ಸಲಹೆಗೆ ಸಮೀಪವಾದ ಕ್ರಮ.

ಹೊರಗಿನ ಗದ್ದಲ, ಒಳಗಿನ ಗದ್ದಲ

ನೂರು ವರ್ಷಗಳ ಹಿಂದೆ ದೇವಾಲಯದ ಮುಂದೆ ಎತ್ತಿನ ಗಾಡಿ ಹೋಗುತ್ತಿದ್ದ ಹಾದಿಯಲ್ಲಿ ಇಂದು ಲಾರಿಗಳು ಓಡುತ್ತವೆ. ಹೊರಗಿನ ಗದ್ದಲವನ್ನು ತಡೆಯುವ ನಿಯಮವೇ ಬೇರೆ. ಇಲ್ಲಿ ಮೃದುತ್ವಕ್ಕೆ ಬೆಲೆಯಿಲ್ಲ, ಭಾರಕ್ಕೆ ಬೆಲೆ. ಗೋಡೆಯ ತೂಕ ಇಮ್ಮಡಿಯಾದರೆ ದಾಟಿ ಬರುವ ಗದ್ದಲ ಐದಾರು ಡೆಸಿಬೆಲ್ ಕಡಮೆಯಾಗುತ್ತದೆ. ಪರದೆಯಾಗಲಿ ತೆಳುವಾದ ಹಲಗೆಯಾಗಲಿ ಲಾರಿಯ ಸದ್ದನ್ನು ತಡೆಯಲಾರವು. ಇನ್ನು, ಸಂದು ಎಂಬುದು ಗೋಡೆಯ ಶತ್ರು. 50 ಡೆಸಿಬೆಲ್ ತಡೆಯಬಲ್ಲ ಗೋಡೆಯಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೆ ಅದು ತಡೆಯುವುದು 20 ಡೆಸಿಬೆಲ್ ಮಾತ್ರ. ಸೆಖೆಯ ನಾಡಿನಲ್ಲಿ ಕಿಟಕಿ ಮುಚ್ಚಿ ಕೂಡುವುದು ಅಸಾಧ್ಯ. ಸೇಬಿನ್ನನ ತೆರೆದ ಕಿಟಕಿ ಒಳಗಿನ ಅನುರಣನವನ್ನು ಕಳೆಯುತ್ತದೆ, ಅದೇ ಕಿಟಕಿ ಹೊರಗಿನ ಗದ್ದಲವನ್ನು ಕರೆತರುತ್ತದೆ. ಆದುದರಿಂದ ರಸ್ತೆಯ ಕಡೆಯ ಕಿಟಕಿಗಳನ್ನು ಕಡಮೆ ಮಾಡಿ, ಎದುರು ಬದಿಯವನ್ನು ಹಿಗ್ಗಿಸುವುದೂ, ರಸ್ತೆಗೂ ಅಂಗಣಕ್ಕೂ ನಡುವೆ ಗಟ್ಟಿಯಾದ ಆವರಣ ಗೋಡೆ ಕಟ್ಟುವುದೂ ವಿವೇಕ. ಒಂದೆರಡು ಸಾಲು ಮರಗಳು ನೆರಳನ್ನೂ ಸಮಾಧಾನವನ್ನೂ ಕೊಡುತ್ತವೆ. ಸದ್ದನ್ನು ತಡೆಯುವುದು ಅತ್ಯಲ್ಪ.

ಒಳಗಿನ ಗದ್ದಲಕ್ಕೆ ನಮ್ಮ ಗಾಳಿ ಪಂಕಗಳೇ ಸಾಕ್ಷಿ. ಸಡಿಲವಾದ ಒಂದು ಪಂಕದ ಕಿರುಗುಟ್ಟುವಿಕೆಯು ಮೆಲುದನಿಯ ವಾಚಕನನ್ನು ಸೋಲಿಸಬಲ್ಲದು. ದುಬಾರಿ ಯಂತ್ರ ಕೊಳ್ಳುವ ಮೊದಲು ಪಂಕಗಳನ್ನು ದುರಸ್ತಿ ಮಾಡಿಸುವುದು ಅಗ್ಗದ ಮದ್ದು.

ನಾವೇ ಎಬ್ಬಿಸುವ ಗದ್ದಲದ ಮಾತೂ ಇಲ್ಲಿ ಬರಬೇಕು. ಭಾರತ ಸರ್ಕಾರವು 2000ದ ಫೆಬ್ರವರಿಯಲ್ಲಿ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳನ್ನು ಹೊರಡಿಸಿ, ವಸತಿ ಪ್ರದೇಶಕ್ಕೆ ಹಗಲು 55, ಇರುಳು 45 ಡೆಸಿಬೆಲ್ ಮಿತಿಯನ್ನೂ, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಣ ನೂರು ಮೀಟರಿನ ಶಾಂತವಲಯಕ್ಕೆ 50 ಮತ್ತು 40 ಡೆಸಿಬೆಲ್ ಮಿತಿಯನ್ನೂ ವಿಧಿಸಿತು. ಅದೇ ವರ್ಷ ಆಗಸ್ಟ್ 30ರಂದು, ಮದರಾಸಿನ ಒಂದು ಕ್ರೈಸ್ತ ಪಂಗಡದ ಪ್ರಾರ್ಥನಾ ಮಂದಿರದ ವಿರುದ್ಧ ನೆರೆಹೊರೆಯವರು ಹೂಡಿದ್ದ ಮೊಕದ್ದಮೆಯಲ್ಲಿ, ಇತರರ ಶಾಂತಿಯನ್ನು ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲವೆಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ನೆರೆಯವನನ್ನು ಪ್ರೀತಿಸಬೇಕೆಂದು ಬೋಧಿಸುವ ನಾವು ಆ ನೆರೆಯವನ ಮಗುವಿನ ನಿದ್ದೆಯನ್ನು ಕೆಡಿಸಬಾರದಲ್ಲವೆ? ಧ್ವನಿವರ್ಧಕದ ಬಾಯಿ ಒಳಗಿನ ಜನರ ಕಡೆಗಿರಲಿ, ಬೀದಿಯ ಕಡೆಗೆ ಬೇಡ. ಗಂಟೆಯು ಕರೆಯಲಿ, ಯಂತ್ರವು ಕಾಡದಿರಲಿ.

ಮುಂದಿನ ನೂರು ವರ್ಷ

2019ರ ಏಪ್ರಿಲ್ 15ರಂದು ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯಕ್ಕೆ ಬೆಂಕಿ ಬಿದ್ದಾಗ ಜಗತ್ತೇ ಮರುಗಿತು. ಸುದೈವದಿಂದ, ಬೆಂಕಿಗೆ ಕೆಲವು ವರ್ಷ ಮೊದಲೇ ಸಂಶೋಧಕರು ಅದರ ಧ್ವನಿಯನ್ನು ಅಳೆದು ದಾಖಲಿಸಿಟ್ಟಿದ್ದರು. ಬೆಂಕಿಯ ನಂತರ ಮತ್ತೆ ಅಳೆದಾಗ ಅನುರಣನ ಕಾಲವು ಸುಮಾರು ಐದನೆಯ ಒಂದು ಪಾಲು ಕಡಮೆಯಾಗಿರುವುದು ಕಂಡುಬಂತು. ಕಮಾನು ಒಡೆದ ರಂಧ್ರಗಳಿಂದ ಎಂಟು ಶತಮಾನಗಳ ನಾದ ಸೋರಿಹೋಗಿತ್ತು. 2024ರ ಡಿಸೆಂಬರಿನಲ್ಲಿ ದೇವಾಲಯ ಮತ್ತೆ ತೆರೆದಾಗ ಕಲ್ಲು, ಮರಗಳ ಜೊತೆಗೆ ಆ ನಾದವೂ ಜೀರ್ಣೋದ್ಧಾರದ ವಸ್ತುವಾಗಿ ಗಣಿಸಲ್ಪಟ್ಟಿತ್ತು ಎಂಬುದು ಗಮನಾರ್ಹ.

ನಾವೂ ನಮ್ಮ ಪೂರ್ವಿಕರಿಂದ ಒಂದು ಕಟ್ಟಡವನ್ನಷ್ಟೇ ಅಲ್ಲ, ಅದರ ಧ್ವನಿಯನ್ನೂ ಪಿತ್ರಾರ್ಜಿತವಾಗಿ ಪಡೆದಿದ್ದೇವೆ. ನಮ್ಮ ಅಜ್ಜ ಅಜ್ಜಿಯರ ಮದುವೆಯ ಒಪ್ಪಿಗೆಯ ಮಾತು, ನಮ್ಮ ದೀಕ್ಷಾಸ್ನಾನದ ಅಳು, ಅಗಲಿದವರಿಗಾಗಿ ಹಾಡಿದ ಪ್ರಾರ್ಥನೆ, ಎಲ್ಲವೂ ಈ ಗೋಡೆಗಳನ್ನು ತಟ್ಟಿ ಅಡಗಿವೆ. ಅಡಗುವುದೇ ಅವುಗಳ ಧರ್ಮ. ಮುಂದಿನ ಮಾತಿಗೆ ಅವು ಎಡೆಮಾಡಿಕೊಟ್ಟಿವೆ. ಇನ್ನು ಮುಂದೆ ಇಲ್ಲಿ ಕಲ್ಲು ಕದಲಿಸುವವರು, ಹಲಗೆ ತೆಗೆಯುವವರು, ಯಂತ್ರ ತರುವವರು, ಕೊನೆಯ ಸಾಲಿನಲ್ಲಿ ಕುಳಿತ ಆ ವೃದ್ಧ ತಾಯಿಯ ಕಿವಿಯನ್ನು ಮೊದಲು ನೆನೆಯಲಿ. ಹಾಡುವವರ ಕಂಠ ತುಂಬಿ ನಿಲ್ಲಲಿ, ವಾಚಿಸುವವರ ಮಾತು ಬಿಡಿಯಾಗಿ ತಲುಪಲಿ, ಇವೆರಡರ ನಡುವಿನ ಮೌನವೂ ಕೆಡದಿರಲಿ. ಕಿವುಡನ ಕಿವಿಯನ್ನು ತೆರೆದ ಪ್ರಭು ಯೇಸುಕ್ರಿಸ್ತರು ನಮ್ಮ ಧರ್ಮಕೇಂದ್ರದ ಎಲ್ಲ ಕುಟುಂಬಗಳನ್ನೂ ಆಶೀರ್ವದಿಸಲೆಂದು ಪ್ರಾರ್ಥಿಸುತ್ತೇವೆ.